ಅಂಚಿಲ್ಲದ ಅನಿಲದಲ್ಲಿ ಅಂಚಿನ ಅಲೆಯ ಹುಡುಕಾಟ

ಪ್ಲಾಸ್ಮಾಕ್ಕೆ ಚೊಕ್ಕವಾದ ಅಂಚು ಎಂಬುದಿಲ್ಲ. ಹರಳಿಗೋ ಲೋಹದ ತುಂಡಿಗೋ ‘ಇಲ್ಲಿಗೆ ಮುಗಿಯಿತು’ ಎಂದು ಬೆರಳಿಟ್ಟು ತೋರಿಸಬಹುದು. ಎಲೆಕ್ಟ್ರಾನುಗಳೂ ಅಯಾನುಗಳೂ ಬಿಡಿಬಿಡಿಯಾಗಿ ಓಡಾಡುವ ಈ ಬಿಸಿ ಅನಿಲ ಹಾಗಲ್ಲ. ನಡುವೆ ದಟ್ಟವಾಗಿದ್ದು, ಹೊರಗೆ ಹೋದಂತೆಲ್ಲ ತೆಳುವಾಗುತ್ತ, ಎಲ್ಲಿ ಮುಗಿಯಿತೆಂದು ಹೇಳಲಾಗದಂತೆ ಮುಗಿದುಹೋಗುತ್ತದೆ. ಇಂಥದ್ದರಲ್ಲಿ ಅಂಚಿನಲ್ಲಷ್ಟೇ ಬದುಕಬಲ್ಲ ಅಲೆಯೊಂದನ್ನು ಹುಡುಕಲು ಹೊರಟವರಿದ್ದಾರೆ. ಆ ಅಲೆ ಒಂದೇ ದಿಕ್ಕಿಗೆ ಸಾಗಬೇಕು. ಎದುರಿಗೆ ಅಡ್ಡಿ ಬಂದರೆ ಹಿಂದಕ್ಕೆ ಪುಟಿಯದೆ ಬಳಸಿಕೊಂಡು ಹೋಗಬೇಕು. ಅಂಚು ಎಷ್ಟೇ ಸೊಟ್ಟಗಿದ್ದರೂ ಉಳಿದುಕೊಳ್ಳಬೇಕು. ಇಷ್ಟಕ್ಕೂ ಅದರ ಬೆನ್ನಿಗಿರುವುದು ಒಂದು ಪೂರ್ಣಾಂಕ ಮಾತ್ರ.

ಆ ಪೂರ್ಣಾಂಕದ ಕಥೆ ಶುರುವಾದದ್ದು ಪ್ಲಾಸ್ಮಾದಿಂದ ಬಹಳ ದೂರದಲ್ಲಿ. 1980ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಪ್ರಯೋಗಾಲಯದಲ್ಲಿ ಜರ್ಮನಿಯ ಭೌತವಿಜ್ಞಾನಿ ಕ್ಲಾಸ್ ಫಾನ್ ಕ್ಲಿಟ್ಜಿಂಗ್ ಸಿಲಿಕಾನ್ ಚೂರೊಂದನ್ನು ತಣ್ಣಗಾಗಿಸಿ, ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ಅದರ ವಿದ್ಯುತ್ ರೋಧವನ್ನು ಅಳೆಯುತ್ತಿದ್ದರು. ರೋಧ ನಯವಾಗಿ ಸಾಗದೆ ಮೆಟ್ಟಿಲು ಮೆಟ್ಟಿಲಾಗಿ ಬದಲಾಯಿತು. ಪ್ರತಿ ಮೆಟ್ಟಿಲೂ 25,812.8 ಓಮ್ ಎಂಬ ಬೆಲೆಯನ್ನು 1, 2, 3 ಎಂಬ ಪೂರ್ಣಾಂಕಗಳಿಂದ ಭಾಗಿಸಿದಾಗ ಬರುವ ಬೆಲೆ. ಚೂರಿನ ಆಕಾರ, ಅದರೊಳಗಿನ ಕಲ್ಮಶ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಡೇವಿಡ್ ಥೌಲೆಸ್ ಮತ್ತು ಮೂವರು ಸಂಗಡಿಗರು 1982ರಲ್ಲಿ ಕಾರಣ ಕೊಟ್ಟರು: ಈ ಪೂರ್ಣಾಂಕ ಎಲೆಕ್ಟ್ರಾನುಗಳ ಅಲೆಗಳು ಒಟ್ಟಾರೆಯಾಗಿ ಎಷ್ಟು ಸಲ ತಿರುಚಿಕೊಂಡಿವೆ ಎಂಬುದರ ಎಣಿಕೆ. ಗಣಿತಜ್ಞರು ಅದನ್ನು ಚೆರ್ನ್ ಸಂಖ್ಯೆ ಎನ್ನುತ್ತಾರೆ. ಫಾನ್ ಕ್ಲಿಟ್ಜಿಂಗ್‌ಗೆ 1985ರಲ್ಲೇ ನೊಬೆಲ್ ಬಂತು. ಥೌಲೆಸ್ 2016ರವರೆಗೆ ಕಾಯಬೇಕಾಯಿತು.

ತಿರುಚು ಎಂದರೇನು? ಉದ್ದನೆಯ ಕಾಗದದ ಪಟ್ಟಿಯೊಂದರ ಎರಡು ತುದಿಗಳನ್ನು ಅಂಟಿಸಿ ಬಳೆ ಮಾಡಿ. ಅಂಟಿಸುವ ಮೊದಲು ಪಟ್ಟಿಯನ್ನು ಒಂದು ಸುತ್ತು ತಿರುಚಿರಬಹುದು, ಎರಡು ಸುತ್ತು ತಿರುಚಿರಬಹುದು, ತಿರುಚದೆಯೂ ಇರಬಹುದು. ಒಳಮೈ ಒಳಮೈಗೇ ಸೇರಬೇಕೆಂದರೆ ಸುತ್ತು ಪೂರ್ತಿಯಾಗಿಯೇ ಇರಬೇಕು, ಮುಕ್ಕಾಲು ಸುತ್ತಿಗೆ ಅಲ್ಲಿ ಅವಕಾಶವಿಲ್ಲ. ಅಂಟಿದ ಮೇಲೆ ಬಳೆಯನ್ನು ಮುದುಡಿ, ಹಿಂಡಿ, ಎಳೆದಾಡಿ. ಸುತ್ತುಗಳ ಲೆಕ್ಕ ಹಾಗೇ ಇರುತ್ತದೆ. ಲೆಕ್ಕ ಬದಲಾಗಬೇಕಾದರೆ ಕತ್ತರಿ ಹಾಕಲೇಬೇಕು. ಅಲೆಗಳಲ್ಲಿ ತಿರುಚಿಕೊಳ್ಳುವುದು ಅವುಗಳ ಒಳರಚನೆ. ಪ್ಲಾಸ್ಮಾದ ಒಂದು ಅಲೆಯಲ್ಲಿ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ, ಎಲೆಕ್ಟ್ರಾನುಗಳ ವೇಗ ಎಲ್ಲವೂ ಒಟ್ಟಿಗೆ ಓಲಾಡುತ್ತವೆ. ಯಾವುದು ಎಷ್ಟು, ಯಾವುದು ಯಾವುದಕ್ಕಿಂತ ಮುಂದೆ ಎಂಬ ಅನುಪಾತ ಅಲೆಯ ದಿಕ್ಕು ಮತ್ತು ತರಂಗದೂರದ ಜೊತೆ ಬದಲಾಗುತ್ತದೆ. ಎಲ್ಲ ದಿಕ್ಕು, ಎಲ್ಲ ತರಂಗದೂರಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅನುಪಾತ ಒಟ್ಟು ಎಷ್ಟು ಸುತ್ತು ತಿರುಗಿದೆ ಎಂಬುದೇ ಚೆರ್ನ್ ಸಂಖ್ಯೆ.

ಕತ್ತರಿ ಹಾಕುವುದಕ್ಕೆ ಸಮನಾದ ಘಟನೆಯೂ ಅಲೆಗಳ ಲೋಕದಲ್ಲಿದೆ. ಯಾವುದೇ ಮಾಧ್ಯಮದಲ್ಲಿ ಕೆಲವು ಆವೃತ್ತಿಗಳ ಅಲೆಗಳು ಸಾಗುತ್ತವೆ, ಕೆಲವು ಆವೃತ್ತಿಗಳಿಗೆ ಪ್ರವೇಶವೇ ಇರುವುದಿಲ್ಲ. ಪ್ರವೇಶವಿಲ್ಲದ ಈ ಆವೃತ್ತಿಗಳ ಹರವನ್ನು ಗ್ಯಾಪ್ ಎನ್ನೋಣ. ಗ್ಯಾಪ್ ತೆರೆದಿರುವತನಕ ಚೆರ್ನ್ ಸಂಖ್ಯೆ ಕದಲುವುದಿಲ್ಲ. ಈಗ ಬೇರೆ ಬೇರೆ ಚೆರ್ನ್ ಸಂಖ್ಯೆಯ ಎರಡು ಮಾಧ್ಯಮಗಳನ್ನು ಪಕ್ಕಪಕ್ಕದಲ್ಲಿಡಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಸಂಖ್ಯೆ ಬದಲಾಗಬೇಕು; ಅದಕ್ಕಾಗಿ ನಡುವೆ ಎಲ್ಲಾದರೂ ಗ್ಯಾಪ್ ಮುಚ್ಚಲೇಬೇಕು. ಮುಚ್ಚುವ ಜಾಗ ಗಡಿ. ಅಲ್ಲಿ ಒಳಗಿನ ಎರಡೂ ಮಾಧ್ಯಮಗಳು ಒಪ್ಪದ ಆವೃತ್ತಿಯ ಅಲೆಯೊಂದು ಸಾಗುತ್ತದೆ. ಎರಡು ಸಂಖ್ಯೆಗಳ ವ್ಯತ್ಯಾಸ ಎಷ್ಟೋ ಅಷ್ಟು ಅಲೆಗಳು, ಎಲ್ಲವೂ ಒಂದೇ ದಿಕ್ಕಿಗೆ. ಅಲೆ ಯಾಕೆ ಪುಟಿದು ಬರುವುದಿಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ಹಿಂದಕ್ಕೆ ಬರಬೇಕಾದರೆ ಅದೇ ಆವೃತ್ತಿಯಲ್ಲಿ ಹಿಂದಕ್ಕೆ ಸಾಗುವ ಇನ್ನೊಂದು ಅಲೆ ಇರಬೇಕು. ಗಡಿಯಲ್ಲಿ ಅಂಥದ್ದಿಲ್ಲ, ಒಳಗೆ ಹೋಗಲು ಗ್ಯಾಪ್ ಬಿಡುವುದಿಲ್ಲ. ಮುಂದೆ ಹೋಗುವುದೊಂದೇ ದಾರಿ.

ಇದು ಎಲೆಕ್ಟ್ರಾನುಗಳ ಕ್ವಾಂಟಮ್ ಲೋಕಕ್ಕಷ್ಟೇ ಸೇರಿದ ಸಂಗತಿ ಎಂದುಕೊಂಡಿದ್ದವರಿಗೆ 2008ರಲ್ಲಿ ಡಂಕನ್ ಹಾಲ್ಡೇನ್ ಮತ್ತು ಶ್ರೀನಿವಾಸ್ ರಘು ಬೆಳಕಿನಲ್ಲೂ ಇದು ಸಾಧ್ಯ ಎಂದು ತೋರಿಸಿದರು. ಮರುವರ್ಷವೇ ಅಮೆರಿಕದ ಎಂಐಟಿಯ ತಂಡ ಕಾಂತೀಯ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿ, ಸುಮಾರು 4.5 ಗಿಗಾಹರ್ಟ್ಸ್ ಮೈಕ್ರೋವೇವ್ ಅಲೆಯನ್ನು ಅಂಚಿನಲ್ಲಿ ಹರಿಸಿ, ದಾರಿಗೆ ಅಡ್ಡಲಾಗಿ ಲೋಹದ ತಗಡು ನಿಲ್ಲಿಸಿತು. ಅಲೆ ತಗಡನ್ನು ಸುತ್ತಿ ಆಚೆ ಹೋಯಿತು. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ನೇರವಾದ ಪ್ರಯೋಗ ಇದು. ತಗಡನ್ನು ಉದ್ದ ಮಾಡುತ್ತ ಹೋಗಬಹುದು, ಅಲೆ ಮಣಿಯುತ್ತದೋ ಇಲ್ಲವೋ ನೋಡಬಹುದು. ವಾದಕ್ಕೆ ಹೆಚ್ಚು ಜಾಗವಿಲ್ಲ.

ಅಲ್ಲಿಂದ ಕಥೆ ಸಮುದ್ರಕ್ಕಿಳಿಯಿತು. ಸಮಭಾಜಕ ವೃತ್ತದ ಗುಂಟ ಪೂರ್ವಕ್ಕೆ ಮಾತ್ರ ಸಾಗುವ ಕೆಲ್ವಿನ್ ಅಲೆ ಹವಾಮಾನ ತಜ್ಞರಿಗೆ ಹಳೆಯ ಪರಿಚಯ. ಎಲ್ ನಿನೊ ಬೆಳೆಯುವುದರಲ್ಲಿ ಅದರ ಪಾತ್ರ ದೊಡ್ಡದು. ಜಪಾನಿನ ತಾರೊ ಮಾತ್ಸುನೊ 1966ರಲ್ಲೇ ಇಂಥ ಅಲೆಗಳ ಗಣಿತವನ್ನು ಬಿಡಿಸಿಟ್ಟಿದ್ದರು. 2017ರಲ್ಲಿ ಪಿಯರ್ ಡೆಲ್‌ಪ್ಲಾಸ್, ಬ್ರಾಡ್ ಮಾರ್ಸ್ಟನ್, ಆಂಟ್ವಾನ್ ವೆನೈ ಅದೇ ಗಣಿತಕ್ಕೆ ಹೊಸ ಕಣ್ಣಿನಿಂದ ನೋಡಿದರು. ಭೂಮಿಯ ತಿರುಗುವಿಕೆ ಉತ್ತರಾರ್ಧದಲ್ಲಿ ಚಲನೆಯನ್ನು ಬಲಕ್ಕೂ ದಕ್ಷಿಣಾರ್ಧದಲ್ಲಿ ಎಡಕ್ಕೂ ಬಾಗಿಸುತ್ತದೆ. ಹಾಗಾಗಿ ಎರಡು ಅರ್ಧಗೋಳಗಳು ಟೋಪಾಲಜಿಯ (ಹಿಂಡಿದರೂ ಎಳೆದರೂ ಬದಲಾಗದ, ತಿರುಚಿನ ಲೆಕ್ಕದಂಥ ಗುಣಗಳ ಗಣಿತದ) ದೃಷ್ಟಿಯಲ್ಲಿ ಎರಡು ಬೇರೆ ಮಾಧ್ಯಮಗಳು, ಸಮಭಾಜಕ ವೃತ್ತ ಅವುಗಳ ಗಡಿ. ವ್ಯತ್ಯಾಸ ಎರಡು. ಗಡಿಯಲ್ಲಿ ಗ್ಯಾಪ್ ದಾಟುವ ಅಲೆಗಳೂ ಎರಡೇ: ಕೆಲ್ವಿನ್ ಮತ್ತು ಯಾನಾಯ್.

ಇಷ್ಟಾದ ಮೇಲೆ ಪ್ಲಾಸ್ಮಾದತ್ತ ಕಣ್ಣು ಹಾಯಿಸದೆ ಇರಲು ಸಾಧ್ಯವಿರಲಿಲ್ಲ. ಕಾಂತಕ್ಷೇತ್ರದಲ್ಲಿರುವ ಎಲೆಕ್ಟ್ರಾನು ಒಂದೇ ದಿಕ್ಕಿಗೆ ಗಿರಕಿ ಹೊಡೆಯುತ್ತದೆ. ಕಾಲವನ್ನು ಹಿಂದುಮುಂದು ಮಾಡಿದರೆ ಚಿತ್ರ ಬೇರೆಯಾಗುತ್ತದೆ. ಏಕಮುಖ ಅಲೆಗೆ ಬೇಕಾದ ಮೊದಲ ಸಾಮಗ್ರಿ ಇದು, ಪ್ಲಾಸ್ಮಾದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. 2020ರಲ್ಲಿ ಜೆಫ್ರಿ ಪಾರ್ಕರ್, ಸಮುದ್ರದ ಕೆಲಸ ಮಾಡಿದ್ದ ಅದೇ ಮಾರ್ಸ್ಟನ್, ಸ್ಟೀವನ್ ಟೋಬಿಯಾಸ್ ಮತ್ತು ಝಿಯಾನ್ ಝೂ ಸೇರಿ ಒಂದು ಲೆಕ್ಕ ಮುಂದಿಟ್ಟರು. ಕಾಂತಕ್ಷೇತ್ರದಲ್ಲಿರುವ ಪ್ಲಾಸ್ಮಾ ಮತ್ತು ಅದರಾಚೆಯ ನಿರ್ವಾತದ ನಡುವೆ ಒಂದು ಮೇಲ್ಮೈ ಅಲೆ ಇರಬೇಕು, ಅದರ ಮೂಲ ಟೋಪಾಲಜಿಯಲ್ಲಿದೆ, ಮತ್ತು ಈಗಿರುವ ಪ್ರಯೋಗಾಲಯಗಳಲ್ಲೇ ಅದು ಸಿಗಬಹುದು ಎಂಬುದು ಅದರ ತಿರುಳು. ಪ್ಲಾಸ್ಮಾದ ಸಾಂದ್ರತೆ ನಿಧಾನವಾಗಿ ಇಳಿಯುತ್ತದೆ ಎಂಬ ವಾಸ್ತವವನ್ನು ಅವರು ಬದಿಗೆ ಸರಿಸದೆ ಲೆಕ್ಕದೊಳಗೇ ತಂದದ್ದು ಮುಖ್ಯ. ಚಾಕುವಿನ ಅಲುಗಿನಂಥ ಅಂಚನ್ನು ಕಲ್ಪಿಸಿಕೊಂಡು ಮಾಡಿದ ಲೆಕ್ಕ ಕಾಗದದ ಮೇಲೆ ಸುಲಭ, ಪ್ರಯೋಗಕ್ಕೆ ಬಾರದು.

ಇಲ್ಲೊಂದು ಗಣಿತದ ತೊಡಕಿದೆ, ದಾಟಿ ಹೋಗುವಂಥದ್ದಲ್ಲ. ಹರಳಿನಲ್ಲಿ ಪರಮಾಣುಗಳು ಸಮ ಅಂತರದಲ್ಲಿರುವುದರಿಂದ ತರಂಗದೂರಕ್ಕೆ ಒಂದು ಕೆಳಮಿತಿಯಿದೆ. ಲೆಕ್ಕ ಹಾಕಬೇಕಾದ ಅಲೆಗಳ ಗುಂಪು ಮುಚ್ಚಿದ ಮೈಯಂತಿರುತ್ತದೆ, ತಿರುಚು ತಾನಾಗಿ ಪೂರ್ಣಾಂಕವಾಗುತ್ತದೆ. ಸಮುದ್ರ ಮತ್ತು ಪ್ಲಾಸ್ಮಾ ಅಖಂಡ ಮಾಧ್ಯಮಗಳು. ಸಮೀಕರಣದಲ್ಲಿ ತರಂಗದೂರ ಸೊನ್ನೆಯತ್ತ ಕೊನೆಯಿಲ್ಲದೆ ಇಳಿಯಬಹುದು. ಪಟ್ಟಿಯ ತುದಿಗಳು ಸೇರುವುದೇ ಇಲ್ಲ; ಚೆರ್ನ್ ಸಂಖ್ಯೆ ಭಿನ್ನರಾಶಿಯಾಗಿಯೂ ಬಂದುಬಿಡಬಹುದು. ಪ್ಲಾಸ್ಮಾದವರು ಇದಕ್ಕೆ ಭೌತವಿಜ್ಞಾನದಲ್ಲೇ ಉತ್ತರ ಹುಡುಕಿದರು. ಪ್ಲಾಸ್ಮಾ ನಿಜಕ್ಕೂ ಅಖಂಡವಲ್ಲ, ಬಿಡಿ ಎಲೆಕ್ಟ್ರಾನುಗಳ ಗುಂಪು; ಅವುಗಳ ನಡುವಿನ ದೂರಕ್ಕಿಂತ ಚಿಕ್ಕ ತರಂಗದೂರಕ್ಕೆ ಅರ್ಥವಿಲ್ಲ. ಅಷ್ಟು ಚಿಕ್ಕ ಅಲೆಗಳಿಗೆ ಪ್ಲಾಸ್ಮಾ ಸ್ಪಂದಿಸದಂತೆ ಸಮೀಕರಣವನ್ನು ತಿದ್ದಿದರೆ ಪೂರ್ಣಾಂಕ ಮರಳುತ್ತದೆ.

ಸಮುದ್ರದ ಸಮೀಕರಣಗಳನ್ನೇ ಹಿಡಿದು ಇನ್ನೊಂದು ಕಡೆಯಿಂದ ಪರೀಕ್ಷಿಸಿದವರು ಮತ್ತೂ ಕುತೂಹಲದ ವಿಷಯ ಕಂಡರು. ಗಡಿ ಗಟ್ಟಿ ಗೋಡೆಯಾಗಿದ್ದರೆ, ಅಂದರೆ ಸಮುದ್ರ ಕಡಿದಾದ ದಂಡೆಗೆ ತಾಗಿ ನಿಂತರೆ, ಅಂಚಿನ ಅಲೆಗಳ ಎಣಿಕೆ ಚೆರ್ನ್ ಸಂಖ್ಯೆಗೆ ಹೊಂದದೆ ಹೋಗಬಹುದು. ಗೋಡೆಯ ಬಳಿ ಯಾವ ನಿಬಂಧನೆ ಹಾಕಿದ್ದೇವೆ ಎಂಬುದರ ಮೇಲೆ ಎಣಿಕೆ ಬದಲಾಗುತ್ತದೆ. ಗಡಿ ನಯವಾಗಿ, ನಿಧಾನವಾಗಿ ಬದಲಾಗುವಂಥದ್ದಾದರೆ ಎಣಿಕೆ ಸರಿಹೊಂದುತ್ತದೆ. ಪ್ರಯೋಗ ಮಾಡುವವರಿಗೆ ತಲೆನೋವೆನಿಸುವ ಪ್ಲಾಸ್ಮಾದ ಮಸುಕು ಅಂಚೇ ಸಿದ್ಧಾಂತಕ್ಕೆ ಹೆಚ್ಚು ಒಗ್ಗುವ ಅಂಚು. ಹುಡುಕಾಟಕ್ಕೆ ಪ್ಲಾಸ್ಮಾವನ್ನು ಆರಿಸಿಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ಕಾಣುವುದಿಲ್ಲ.

ಹುಡುಕುವುದೆಲ್ಲಿ? ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ‘ಲಾರ್ಜ್ ಪ್ಲಾಸ್ಮಾ ಡಿವೈಸ್’ ಎಂಬ ಯಂತ್ರವಿದೆ. ಹೆಚ್ಚೂಕಡಿಮೆ 20 ಮೀಟರ್ ಉದ್ದದ ಉಕ್ಕಿನ ಕೊಳವೆ, ಅದರ ಸುತ್ತ ಸಾಲಾಗಿ ವಿದ್ಯುತ್ಕಾಂತದ ಸುರುಳಿಗಳು, ಒಂದು ತುದಿಯಲ್ಲಿ ಕೆಂಪಗೆ ಕಾದು ಎಲೆಕ್ಟ್ರಾನುಗಳನ್ನು ಉಗುಳುವ ಕ್ಯಾಥೋಡ್. ಸೆಕೆಂಡಿಗೊಮ್ಮೆ ಕೊಳವೆಯೊಳಗೆ ಪ್ಲಾಸ್ಮಾ ಹೊತ್ತಿಕೊಳ್ಳುತ್ತದೆ, ಹತ್ತು ಮಿಲಿಸೆಕೆಂಡಿನ ಆಸುಪಾಸು ಉರಿದು ಆರುತ್ತದೆ, ಮತ್ತೆ ಹೊತ್ತುತ್ತದೆ. ಹಗಲೂ ರಾತ್ರಿ ಇದನ್ನೇ ಮಾಡಬಲ್ಲದು. ಎಲೆಕ್ಟ್ರಾನುಗಳ ಉಷ್ಣತೆ ಹತ್ತಾರು ಸಾವಿರ ಡಿಗ್ರಿ ಇದ್ದರೂ ಅನಿಲ ಎಷ್ಟು ವಿರಳವೆಂದರೆ ಒಳಗೆ ತೂರಿಸಿದ ತಂತಿಯ ಪ್ರೋಬ್, ಅಂದರೆ ಅಳೆಯುವ ಕಡ್ಡಿ, ಕರಗುವುದಿಲ್ಲ. ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯಲು ಕಟ್ಟುವ ಟೋಕಮಾಕ್‌ನ ನಡುಭಾಗದಲ್ಲಿ ಈ ಸೌಲಭ್ಯವಿಲ್ಲ.

ಇಲ್ಲಿನ ಸಂಖ್ಯೆಗಳನ್ನು ಹತ್ತಿರದಿಂದ ನೋಡೋಣ. ಪ್ಲಾಸ್ಮಾದ ನಡುವೆ ಪ್ರತಿ ಘನ ಸೆಂಟಿಮೀಟರಿಗೆ ಒಂದು ಲಕ್ಷ ಕೋಟಿ ಎಲೆಕ್ಟ್ರಾನುಗಳಿವೆ ಎನ್ನಿ. ಅಂಥ ಗುಂಪನ್ನು ಸ್ವಲ್ಪ ಕದಲಿಸಿ ಬಿಟ್ಟರೆ ಅದು ತನ್ನದೇ ಲಯದಲ್ಲಿ ಓಲಾಡುತ್ತದೆ; ಆ ಆವೃತ್ತಿ ಸುಮಾರು 9 ಗಿಗಾಹರ್ಟ್ಸ್. ಸಾಂದ್ರತೆ ನಾಲ್ಕರಲ್ಲೊಂದು ಪಾಲಾದರೆ ಆವೃತ್ತಿ ಅರ್ಧವಾಗುತ್ತದೆ. ಕಾಂತಕ್ಷೇತ್ರ 0.1 ಟೆಸ್ಲಾ ಇದ್ದರೆ ಎಲೆಕ್ಟ್ರಾನು ಸೆಕೆಂಡಿಗೆ 280 ಕೋಟಿ ಗಿರಕಿ ಹೊಡೆಯುತ್ತದೆ, ಅಂದರೆ 2.8 ಗಿಗಾಹರ್ಟ್ಸ್. ಮೊದಲನೆಯದು ಹೊರಗೆ ಹೋದಂತೆ ಇಳಿಯುತ್ತದೆ, ಎರಡನೆಯದು ಹೆಚ್ಚು ಬದಲಾಗುವುದಿಲ್ಲ. ಸಾಂದ್ರತೆ ನಡುವಿನ ಹತ್ತರಲ್ಲೊಂದು ಪಾಲಿಗೆ ಇಳಿಯುವ ಪದರದಲ್ಲಿ ಎರಡೂ ಒಂದಾಗುತ್ತವೆ. ಆಚೀಚೆ ಎರಡು ಬೇರೆ ಬಗೆಯ ಪ್ಲಾಸ್ಮಾಗಳಿವೆ ಎಂದು ಹೇಳಲು ಇಂಥ ಪದರಗಳೇ ಆಧಾರ. ಈ ಆವೃತ್ತಿಯಲ್ಲಿ ನಿರ್ವಾತದ ರೇಡಿಯೋ ಅಲೆಯ ತರಂಗದೂರ ಸುಮಾರು 10 ಸೆಂಟಿಮೀಟರ್. ಪ್ಲಾಸ್ಮಾದ ಅಂಚು ಹರಡಿಕೊಂಡಿರುವುದೂ ಹಲವು ಸೆಂಟಿಮೀಟರ್. ಅಲೆಯ ಅಳತೆಯೂ ಅಂಚಿನ ಅಳತೆಯೂ ಒಂದೇ ಅಂದಾಜಿನವು. ಅಂಚನ್ನು ಗೆರೆಯೆಂದು ಭಾವಿಸಲು ಇದು ಬಿಡುವುದಿಲ್ಲ.

ಪ್ರಯೋಗದ ರೂಪ ಹೀಗಿರಬಹುದು. ಅಂಚಿನ ಬಳಿ ಪುಟ್ಟ ಆಂಟೆನಾ ಇಟ್ಟು ಗ್ಯಾಪ್‌ನೊಳಗಿನ ಆವೃತ್ತಿಯ ಸಂಕೇತ ಕೊಡುವುದು. ಕೊಳವೆಯನ್ನು ಅಡ್ಡಕ್ಕೆ ಕತ್ತರಿಸಿದಂತೆ ಕಲ್ಪಿಸಿಕೊಂಡರೆ ಅಂಚು ಒಂದು ವೃತ್ತ. ಅಲೆ ಆ ವೃತ್ತದ ಮೇಲೆ ಗಡಿಯಾರದ ಮುಳ್ಳಿನ ದಿಕ್ಕಿಗೋ ಅದರ ವಿರುದ್ಧಕ್ಕೋ ಹೊರಡಬೇಕು, ಎರಡೂ ಕಡೆಗಲ್ಲ. ಅದನ್ನು ನೋಡಲು ಮೋಟಾರು ಒಂದು ಪ್ರೋಬನ್ನು ಬಿಂದುವಿನಿಂದ ಬಿಂದುವಿಗೆ ಸರಿಸುತ್ತದೆ. ಉದಾಹರಣೆಗೆ 40 ಸಾಲು, ಸಾಲಿಗೆ 40 ಬಿಂದು, ಬಿಂದುವಿಗೆ 5 ಸಲ ಎಂದರೆ 8,000 ಸೆಕೆಂಡು. ಎರಡು ಗಂಟೆಗೂ ಮೀರಿದ ಕೆಲಸ, ಅದೂ ಒಂದೇ ಆವೃತ್ತಿಗೆ. ಆಮೇಲೆ ಸುರುಳಿಗಳ ವಿದ್ಯುತ್ ಪ್ರವಾಹವನ್ನು ತಿರುಗಿಸಿ ಕಾಂತಕ್ಷೇತ್ರದ ದಿಕ್ಕು ಬದಲಿಸುವುದು. ಆಗ ಅಲೆಯೂ ದಿಕ್ಕು ಬದಲಿಸಬೇಕು. ಆಂಟೆನಾ ವಾರೆಯಾಗಿ ಕೂತಿದ್ದರಿಂದ ಒಂದು ಕಡೆಗೆ ಹೆಚ್ಚು ಶಕ್ತಿ ಹೋಯಿತು ಎಂಬಂಥ ಅನುಮಾನಗಳನ್ನು ಇದೊಂದೇ ಪರೀಕ್ಷೆ ತೊಳೆದು ಹಾಕುತ್ತದೆ.

ಆದರೂ ಅಂಚಿನಲ್ಲಿ ಏಕಮುಖ ಅಲೆ ಕಂಡಿತು ಎಂದಮಾತ್ರಕ್ಕೆ ಟೋಪಾಲಜಿ ಗೆದ್ದಿತೆನ್ನಲಾಗದು. ಅಂಚು ಅಗಲವಾದಂತೆ ಸಾಮಾನ್ಯ ಮೇಲ್ಮೈ ಅಲೆಗಳೂ ಗ್ಯಾಪ್‌ನೊಳಗೆ ತಲೆ ಹಾಕುತ್ತವೆ. ಅವು ಗ್ಯಾಪ್‌ಗೆ ಕೆಳಗಿನ, ಅಲೆಗಳು ಸಾಗಬಲ್ಲ ಆವೃತ್ತಿಗಳ ಪಟ್ಟೆಯಿಂದ ಎದ್ದು ಅಲ್ಲಿಗೇ ಮರಳುತ್ತವೆ, ಸಾಂದ್ರತೆಯ ಇಳಿಜಾರು ಬದಲಿಸಿದರೆ ಮಾಯವಾಗುತ್ತವೆ. ಟೋಪಾಲಜಿಯ ಅಲೆ ಗ್ಯಾಪ್‌ನ ಕೆಳದಡದಿಂದ ಮೇಲ್ದಡಕ್ಕೆ ಪೂರ್ತಿ ದಾಟಬೇಕು, ಇಳಿಜಾರು ಹೇಗಿದ್ದರೂ ದಾಟುತ್ತಲೇ ಇರಬೇಕು. ಆದ್ದರಿಂದ ಆವೃತ್ತಿಯನ್ನು ಗ್ಯಾಪ್‌ನ ಉದ್ದಕ್ಕೂ ಹೆಜ್ಜೆಹೆಜ್ಜೆಯಾಗಿ ಏರಿಸಿ, ಸಾಂದ್ರತೆಯ ಇಳಿಜಾರನ್ನೂ ಬೇಕೆಂದೇ ಕೆಡಿಸಿ ನೋಡಬೇಕು. ಎಂಐಟಿಯವರಂತೆ ಲೋಹದ ತಗಡು ನಿಲ್ಲಿಸುವ ಆಸೆ ಯಾರಿಗೂ ಆಗುತ್ತದೆ. ಆದರೆ ಪ್ಲಾಸ್ಮಾದಲ್ಲಿ ತಗಡು ಸುಮ್ಮನೆ ನಿಲ್ಲುವ ಅಡ್ಡಿಯಲ್ಲ. ಕಾಂತರೇಖೆಗಳ ಗುಂಟ ಬರುವ ಕಣಗಳನ್ನು ನುಂಗಿ ತನ್ನ ಹಿಂದೆ ಪ್ಲಾಸ್ಮಾದ ನೆರಳನ್ನೇ ಮೂಡಿಸುತ್ತದೆ. ಅಲೆ ಆಗ ತಗಡನ್ನು ಸುತ್ತುವುದೋ, ತಗಡು ಹುಟ್ಟಿಸಿದ ಹೊಸ ಅಂಚನ್ನು ಸುತ್ತುವುದೋ? ಸಿದ್ಧಾಂತಕ್ಕೆ ಎರಡೂ ಒಂದೇ. ಅಳೆಯುವವರಿಗೆ ಒಂದೇ ಅಲ್ಲ.

ಪ್ಲಾಸ್ಮಾದ ಅಂಚು ಸದಾ ಕುದಿಯುತ್ತಿರುತ್ತದೆ ಎಂಬ ಆಕ್ಷೇಪ ಸಾಮಾನ್ಯವಾಗಿ ಮೊದಲು ಬರುತ್ತದೆ. ನನಗೆ ಅದು ಅಷ್ಟು ದೊಡ್ಡ ಆಕ್ಷೇಪ ಅನಿಸುವುದಿಲ್ಲ. 2.8 ಗಿಗಾಹರ್ಟ್ಸ್ ಅಲೆಯ ಒಂದು ಓಲಾಟಕ್ಕೆ ಬೇಕಾಗುವುದು ನ್ಯಾನೊಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು. ಅಂಚಿನ ಪ್ರಕ್ಷುಬ್ಧತೆ ಬದಲಾಗುವುದು ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ. ಅಲೆಯ ಕಣ್ಣಿಗೆ ಅದು ಹೆಪ್ಪುಗಟ್ಟಿದ ಉಬ್ಬುತಗ್ಗು. ಇಂಥ ನಿಶ್ಚಲ ಉಬ್ಬುತಗ್ಗಿನ ಎದುರೇ ಚೆರ್ನ್ ಸಂಖ್ಯೆ ಕಾಪಾಡುವುದು. ತೊಂದರೆ ಅಳತೆಯಲ್ಲಿದೆ. ಸೆಕೆಂಡಿಗೊಮ್ಮೆ ಹೊತ್ತುವ ಪ್ಲಾಸ್ಮಾದ ಸರಾಸರಿ ರೂಪ ಪ್ರತಿ ಸಲವೂ ಒಂದೇ, ಉಬ್ಬುತಗ್ಗುಗಳು ಮಾತ್ರ ಪ್ರತಿ ಸಲವೂ ಬೇರೆ. ಅಲೆ ಹಿಂದಕ್ಕೆ ಪುಟಿಯದಿದ್ದರೂ ಒಮ್ಮೆ ತುಸು ಉದ್ದದ ದಾರಿ, ಇನ್ನೊಮ್ಮೆ ತುಸು ಗಿಡ್ಡ ದಾರಿ ಹಿಡಿದು ಪ್ರೋಬ್ ತಲುಪುತ್ತದೆ. ಏರು ಇಳಿವುಗಳು ಹೊಂದದೆ ಸರಾಸರಿಯಲ್ಲಿ ಅಳಿಸಿಹೋಗುತ್ತವೆ. ಇರುವ ಅಲೆ ಇಲ್ಲದಂತೆ ಕಾಣಬಹುದು. ಹಾಗಾಗಿ ಏರಿಳಿತದ ಸರಾಸರಿ ತೆಗೆಯುವ ಬದಲು, ಎರಡು ದಿಕ್ಕುಗಳಿಗೆ ಹೋದ ಶಕ್ತಿಯನ್ನು ಪ್ರತಿ ಸಲವೂ ಬೇರೆಬೇರೆಯಾಗಿ ಅಳೆದು ಹೋಲಿಸುವುದು ಮೇಲು.

ಟೋಪಾಲಜಿ ಕೈಲಾಗದೆ ನಿಲ್ಲುವ ಜಾಗವೂ ಇದೆ. ಅದು ಚದುರುವಿಕೆಯನ್ನು ತಡೆಯುತ್ತದೆ, ಸವೆತವನ್ನಲ್ಲ. ಎಲೆಕ್ಟ್ರಾನುಗಳು ಅಯಾನುಗಳಿಗೋ ಇನ್ನೂ ಒಡೆಯದ ಪರಮಾಣುಗಳಿಗೋ ಡಿಕ್ಕಿ ಹೊಡೆದಾಗಲೆಲ್ಲ ಅಲೆಯ ಶಕ್ತಿ ಶಾಖವಾಗಿ ಸೋರುತ್ತದೆ. ಅದಕ್ಕಿಂತ ಕಳ್ಳತನದ ಸೋರಿಕೆ ಇನ್ನೊಂದಿದೆ: ಇಳಿಜಾರಿನ ಯಾವುದೋ ಒಂದು ಪದರದ ಸ್ವಂತ ಆವೃತ್ತಿ ಅಲೆಯ ಆವೃತ್ತಿಗೆ ಸರಿಯಾಗಿ ಹೊಂದಿಬಿಟ್ಟರೆ, ಆ ಪದರ ಅಲೆಯನ್ನು ಹೀರಿಕೊಳ್ಳುತ್ತದೆ. ಮಸುಕು ಅಂಚಿನಲ್ಲಿ ಎಲ್ಲ ಬಗೆಯ ಸಾಂದ್ರತೆಯ ಪದರಗಳೂ ಇರುವುದರಿಂದ ಈ ಅಪಾಯ ಸದಾ ಇದ್ದದ್ದೇ. ಕಾಂತಕ್ಷೇತ್ರ, ಸಾಂದ್ರತೆ, ಕೊಳವೆಯ ಉದ್ದಕ್ಕೆ ಅಲೆಯ ತರಂಗದೂರ ಮೂರನ್ನೂ ಹೊಂದಿಸಿ, ಅಂಚಿನ ಎಲ್ಲ ಪದರಗಳಲ್ಲೂ ಗ್ಯಾಪ್ ಖಾಲಿಯಾಗಿ ಉಳಿಯುವಂತೆ ಮಾಡುವುದರಲ್ಲೇ ಪಾರ್ಕರ್ ತಂಡದ ಲೆಕ್ಕದ ಜಾಣ್ಮೆಯಿರುವುದು.

ಹುಡುಕುತ್ತಿರುವುದು ಬೇರೆ ಹೆಸರಿನಲ್ಲಿ ಆಗಲೇ ಸಿಕ್ಕಿರಬಹುದು ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಟೋಕಮಾಕ್‌ಗಳಲ್ಲಿ ಕಾಂತರೇಖೆಗಳು ಸುತ್ತಿಕೊಂಡಿರುವ ಬಿಗಿ ಒಳಗಿನಿಂದ ಹೊರಕ್ಕೆ ಬದಲಾಗುತ್ತ ಹೋಗುತ್ತದೆ. ಕೆಲವು ಬಗೆಯ ಪ್ಲಾಸ್ಮಾಗಳಲ್ಲಿ ಈ ಬದಲಾವಣೆ ನಡುವೆ ಒಂದು ಪದರದಲ್ಲಿ ನಿಂತು, ಆಮೇಲೆ ತಿರುವುಮುರುವಾಗುತ್ತದೆ. ಆ ಪದರಕ್ಕೆ ಅಂಟಿಕೊಂಡು ಹಾನ್ಸ್ ಆಲ್ಫ್‌ವೆನ್ 1942ರಲ್ಲಿ ಊಹಿಸಿದ ಜಾತಿಯ ಅಲೆಯೊಂದು ಬದುಕುತ್ತದೆ. ಪರಮಾಣು ಬೆಸುಗೆಯ ಸಂಶೋಧಕರಿಗೆ ಅದು ಚಿರಪರಿಚಿತ. ಅದರ ಆವೃತ್ತಿ ಸರಿಯುವ ರೀತಿಯಿಂದ ಒಳಗಿನ ಕಾಂತಕ್ಷೇತ್ರದ ರೂಪವನ್ನು ಊಹಿಸುತ್ತಾರೆ. 2020ರಲ್ಲೇ ಪಾರ್ಕರ್ ಮತ್ತು ಸಂಗಡಿಗರು ಇನ್ನೊಂದು ಪ್ರಬಂಧದಲ್ಲಿ, ಪದರದ ಒಂದು ಕಡೆ ಚೆರ್ನ್ ಸಂಖ್ಯೆ +1, ಇನ್ನೊಂದು ಕಡೆ −1 ಎಂದು ತೋರಿಸಿ ಈ ಅಲೆಗೂ ಟೋಪಾಲಜಿಯ ವಂಶಾವಳಿ ಕೊಟ್ಟರು.

ಗೊತ್ತಿದ್ದ ಅಲೆಗೆ ವಂಶಾವಳಿ ಬರೆಯುವುದು ಒಂದು ತೂಕ, ಗೊತ್ತಿಲ್ಲದ ಅಲೆಯನ್ನು ಮೊದಲೇ ಹೇಳಿ ಆಮೇಲೆ ಕಾಣುವುದು ಬೇರೆಯೇ ತೂಕ. ಎರಡನೆಯ ಬಗೆಯದಕ್ಕೆ ಪ್ರಿನ್ಸ್‌ಟನ್‌ನ ಹಾಂಗ್ ಚಿನ್ ಮತ್ತು ಯಿಚೆನ್ ಫೂ 2023ರಲ್ಲಿ ಮುಂದಿಟ್ಟ ಅಲೆ ಒಳ್ಳೆಯ ಗುರಿ. ಎಲೆಕ್ಟ್ರಾನುಗಳ ಓಲಾಟದ ಅಲೆಯೂ ಗಿರಕಿಯ ಅಲೆಯೂ ಒಂದೇ ಆವೃತ್ತಿಗೆ ಬಂದು ತಾಗುವ ಬಿಂದುವಿದೆಯಲ್ಲ, ಆ ಬಿಂದುವಿನಿಂದಲೇ ಹುಟ್ಟುವ ಏಕಮುಖ ಅಲೆ ಅದು. ಅಂಚು ಮೂಲೆಮೂಲೆಯಾಗಿ ಮುರಿದಿದ್ದರೂ ಅದು ಚದುರದೆ ಸುತ್ತುವುದನ್ನು ಅವರು ಕಂಪ್ಯೂಟರಿನಲ್ಲಿ ತೋರಿಸಿದ್ದಾರೆ. ಮೇಲೆ ಹಾಕಿದ ಲೆಕ್ಕದ ಪ್ಲಾಸ್ಮಾದಲ್ಲಾದರೆ, ಸಾಂದ್ರತೆ ಹತ್ತರಲ್ಲೊಂದು ಪಾಲಿಗೆ ಇಳಿಯುವ ಪದರದ ಆಸುಪಾಸಿನಲ್ಲಿ, 2.8 ಗಿಗಾಹರ್ಟ್ಸ್‌ಗೆ ತುಸು ಕೆಳಗಿನ ಆವೃತ್ತಿಯಲ್ಲಿ ಪ್ರೋಬ್ ಆಡಿಸುವುದರಿಂದ ಆರಂಭಿಸಬಹುದು.